14ನೇ ಪುಟ

ತಪ್ಪು ನನ್ನ ಕಣ್ಣಿಗೆ ಬಿದ್ದಿತ್ತು. 14ನೇ ಪುಟದ ಕೊನೆಯಲ್ಲಿ ‘ಚಿತ್ರ 6 ನೋಡಿ’ ಅಂತ ಇತ್ತು. ಅಲ್ಲಿ ಇರಬೇಕಾದದ್ದು ಚಿತ್ರ 7. ಅಂಕಿ ಬದಲಿಸಲು ಒಂದು ನಿಮಿಷ ಸಾಕು. ಆದರೆ ಬದಲಿಸಿದರೆ ತಿದ್ದುಪಡಿಯ ಫಾರಂ ತುಂಬಬೇಕು, ಇನ್ನೊಂದು ಸುತ್ತು ಪರಿಶೀಲನೆಗೆ ಕಳಿಸಬೇಕು. ಒಟ್ಟು ಅರ್ಧ ಗಂಟೆಯ ಕೆಲಸ. ಫೈಲ್ ತೆರೆದೇ ಇತ್ತು. ಕೈ ಕೀಬೋರ್ಡ್ ಮೇಲೇ ಇತ್ತು. ‘ಯಾರು ನೋಡುತ್ತಾರೆ’ ಅಂದುಕೊಂಡೆ. ಹಾಗೇ ಕಳಿಸಿಬಿಟ್ಟೆ.

ಆ ಸಂಜೆ ಮನೆಗೆ ಹೋಗುವಾಗ ತಪ್ಪು ಬಿಟ್ಟೆನಲ್ಲ ಅಂತ ಬೇಜಾರಾಗಲಿಲ್ಲ. ಬೇಜಾರೇ ಆಗಲಿಲ್ಲವಲ್ಲ ಅನ್ನುವುದು ರಾತ್ರಿ ಮಲಗಿದ ಮೇಲೆ ಹೊಳೆಯಿತು. ಆಗ ಹೆದರಿಕೆಯಾಯಿತು.

ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಮನೆಯಲ್ಲೇ ಬಿ.ಪಿ. ನೋಡಿಕೊಳ್ಳುವ ಮೆಷಿನ್ ಇರುತ್ತದಲ್ಲ, ಅದರ ಡಬ್ಬಿಯೊಳಗೆ ಒಂದು ತೆಳ್ಳನೆಯ ಪುಸ್ತಕ ಇರುತ್ತದೆ. ಹೇಗೆ ಆನ್ ಮಾಡಬೇಕು, ಪಟ್ಟಿಯನ್ನು ಹೇಗೆ ಸುತ್ತಿಕೊಳ್ಳಬೇಕು, ಬ್ಯಾಟರಿ ಎಲ್ಲಿ ಹಾಕಬೇಕು ಅಂತೆಲ್ಲ ಇರುವ ಕೈಪಿಡಿ. ಅಂಥವನ್ನು ಕನ್ನಡದಲ್ಲಿ ಬರೆಯುವವಳು ನಾನು. ಹನ್ನೊಂದು ವರ್ಷದಿಂದ ಇದೇ ಕೆಲಸ. ಮೊದಲ ವರ್ಷಗಳಲ್ಲಿ ‘ಒತ್ತಿ’ ಅನ್ನಬೇಕೋ ‘ಒತ್ತಿ ಹಿಡಿಯಿರಿ’ ಅನ್ನಬೇಕೋ ಅನ್ನುವುದಕ್ಕೆ ಇಂಜಿನಿಯರ್ ಜೊತೆ ಎರಡು ದಿನ ವಾದ ಮಾಡಿದ್ದೆ. ಒಂದು ಸಲ ಒತ್ತಿದರೆ ಮೆಷಿನ್ ಶುರುವಾಗುತ್ತದೆ. ಒತ್ತಿ ಹಿಡಿದರೆ ಅದರಲ್ಲಿ ಉಳಿಸಿಟ್ಟ ಹಳೆಯ ಲೆಕ್ಕವೆಲ್ಲ ಅಳಿಸಿಹೋಗುತ್ತದೆ. ಯಾರೋ ಒಬ್ಬರು ಮೂರು ತಿಂಗಳಿಂದ ಡಾಕ್ಟರಿಗೆ ತೋರಿಸಲು ಇಟ್ಟುಕೊಂಡ ಅಂಕಿಗಳು ನನ್ನ ಒಂದು ಪದದಿಂದ ಹೋಗಿಬಿಟ್ಟರೆ ಅಂತ ನನಗೆ ನಿಜವಾಗಿ ಸಂಕಟವಾಗುತ್ತಿತ್ತು. ಅದೇ ನಾನು ಚಿತ್ರ 6ನ್ನು ನೋಡಿಯೂ ಬಿಟ್ಟವಳು.

ಇದು ಯಾವತ್ತು ಶುರುವಾಯಿತು ಅಂತ ಹಿಂದೆ ಹೋಗಿ ಹುಡುಕಿದರೆ ಒಂದು ಫೈಲಿನ ಹೆಸರು ಸಿಗುತ್ತದೆ. ವಯಸ್ಸಾದವರಿಗಾಗಿ ಒಂದು ಕೈಪಿಡಿಯನ್ನು ಪೂರ್ತಿ ಹೊಸದಾಗಿ ಬರೆದಿದ್ದೆ. ದಪ್ಪ ಅಕ್ಷರ. ಒಂದು ಪುಟಕ್ಕೆ ಒಂದೇ ಹೆಜ್ಜೆ. ಚಿತ್ರಗಳು ಹೀಗೆ ಬರಬೇಕು ಅಂತ ಪೆನ್ಸಿಲ್‌ನಲ್ಲಿ ನಾನೇ ಗೀಚಿ ಕೊಟ್ಟಿದ್ದೆ. ನಾಲ್ಕು ತಿಂಗಳ ಕೆಲಸ. ಮುಗಿಸಿ ಕೊಟ್ಟೆ. ‘ಚೆನ್ನಾಗಿದೆ, ನೋಡುತ್ತೇವೆ’ ಅಂದರು. ಆರು ವಾರದ ಮೇಲೆ ಬೇರೇನೋ ಹುಡುಕುತ್ತಿದ್ದಾಗ ‘ಹಳೆಯವು’ ಅನ್ನುವ ಫೋಲ್ಡರ್‌ನಲ್ಲಿ ನನ್ನ ಫೈಲ್ ಕಂಡಿತು. ಕೇಳಿದೆ. “ಓ, ಅದಾ? ಅದನ್ನು ಕೈಬಿಟ್ಟು ತುಂಬಾ ದಿನ ಆಯ್ತಲ್ಲ ಮೇಡಂ. ನಿಮಗೆ ಯಾರೂ ಹೇಳಲಿಲ್ವಾ?”

ಯಾರೂ ಹೇಳಿರಲಿಲ್ಲ. ಹೇಳಿದವರ ದನಿಯಲ್ಲಿ ಕೆಟ್ಟತನವೂ ಇರಲಿಲ್ಲ. ಪುಟ ಜಾಸ್ತಿಯಾಗಿ ಖರ್ಚು ಏರುತ್ತದೆ ಅಂತ ಯಾವುದೋ ಮೀಟಿಂಗಿನಲ್ಲಿ ತೀರ್ಮಾನವಾಗಿತ್ತು. ಅದು ತಪ್ಪು ತೀರ್ಮಾನ ಅಂತಲೂ ನಾನು ಹೇಳುವುದಿಲ್ಲ. ಆದರೆ ನಾಲ್ಕು ತಿಂಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಿದ್ದೆ. ಅದನ್ನು ನನಗೆ ತಿಳಿಸಬೇಕು ಅಂತ ಒಬ್ಬರಿಗೂ ಅನ್ನಿಸಿರಲಿಲ್ಲ.

ಅದಾದ ಮೇಲೆ ಜಗಳವೇನೂ ಮಾಡಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ. ಸುಮ್ನೆ ಕಡಿಮೆಯಾಗುತ್ತಾ ಹೋದೆ. ಮೀಟಿಂಗಿನಲ್ಲಿ ಪ್ರಶ್ನೆ ಕೇಳುವುದು ನಿಂತಿತು. ಮೇಲ್‌ಗಳಿಗೆ ‘ಸರಿ’, ‘ಆಗಲಿ’ ಅನ್ನುವ ಉತ್ತರ ಬಂತು. ಕೇಳಿದಷ್ಟು ಮಾತ್ರ ಮಾಡುವುದು, ಕೇಳದ್ದು ಕಣ್ಣಿಗೆ ಬಿದ್ದರೂ ಬಿಡುವುದು. ಬೆಳಿಗ್ಗೆ ಫೈಲ್ ತೆರೆದು ಒಂದೇ ಪ್ಯಾರಾವನ್ನು ನಾಲ್ಕು ಸಲ ಓದುತ್ತಿದ್ದೆ. ಒಂದು ಅಕ್ಷರವೂ ತಲೆಗೆ ಹತ್ತುತ್ತಿರಲಿಲ್ಲ. ಹೀಗೆ ಒಂದು ವರ್ಷದ ಹತ್ತಿರ ಹೋಯಿತು. ಯಾರಿಗೂ ಗೊತ್ತಾಗಲಿಲ್ಲ. ಯಾಕೆಂದರೆ ಕೆಲಸ ಹೇಳಿದ ದಿನಕ್ಕೆ ಮುಗಿಯುತ್ತಿತ್ತು. ನನ್ನಲ್ಲಿ ಕಡಿಮೆಯಾದದ್ದು ಯಾವ ಲೆಕ್ಕದಲ್ಲೂ ಕಾಣುವಂಥದ್ದಲ್ಲ.

ಮೊದಲು ದಣಿವು ಅಂದುಕೊಂಡೆ. ಹತ್ತು ದಿನ ರಜೆ ಹಾಕಿದೆ. ಚೆನ್ನಾಗಿ ನಿದ್ದೆ ಬಂತು. ನಕ್ಕೆ, ಓದಿದೆ, ಓಡಾಡಿದೆ. ವಾಪಸ್ ಬಂದ ದಿನ ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಮಂಕು. ರಜೆ ಹಾಕಿದ್ದೆ ಅನ್ನುವುದೇ ಮರೆತುಹೋಗುವಷ್ಟು ಬೇಗ. ಆಗ ಡಾಕ್ಟರ ಹತ್ತಿರ ಹೋದೆ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಥೈರಾಯ್ಡ್ ಕಡಿಮೆಯಿದ್ದರೆ, ರಕ್ತಹೀನತೆ ಇದ್ದರೆ, ಬಿ12 ಕೊರತೆಯಿದ್ದರೆ ಮೈಯೂ ಮನಸ್ಸೂ ಹೀಗೇ ಮಂಕಾಗಬಹುದು. ಅದನ್ನು ಸೋಮಾರಿತನ ಅಂದುಕೊಂಡು ವರ್ಷಗಟ್ಟಲೆ ತಮ್ಮನ್ನೇ ಬೈದುಕೊಳ್ಳುವವರು ಇರುತ್ತಾರೆ. ಆಫೀಸಿನಲ್ಲಿ ಮಾತ್ರವಲ್ಲ, ಯಾವುದರಲ್ಲೂ ಖುಷಿ ಸಿಗುತ್ತಿಲ್ಲ, ನಿದ್ದೆ ಕೆಟ್ಟಿದೆ, ಬದುಕೇ ಭಾರ ಅನ್ನಿಸುತ್ತಿದೆ ಅಂದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಬ್ಲಾಗ್ ಓದಿ ಪ್ರಯೋಜನವಿಲ್ಲ. ದಯವಿಟ್ಟು ಡಾಕ್ಟರನ್ನು ನೋಡಿ. ನನ್ನ ವರದಿಗಳೆಲ್ಲ ಸರಿಯಾಗಿದ್ದವು. ಮನೆಯಲ್ಲಿ ನಾನು ನಾನಾಗಿಯೇ ಇದ್ದೆ. ಆಫೀಸಿನ ಬಾಗಿಲು ದಾಟಿದ ಮೇಲೆ ಮಾತ್ರ ದೀಪ ಆರುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಅನ್ನುವುದಕ್ಕೆ ಒಂದು ವಿವರಣೆ ಕೊಟ್ಟಿದೆ. ಅದು ರೋಗವಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಅವರು ಸ್ಪಷ್ಟವಾಗಿ ಹೇಳುತ್ತಾರೆ. ಅದಕ್ಕೆ ಮೂರು ಲಕ್ಷಣ. ಒಂದು, ಶಕ್ತಿಯೆಲ್ಲ ಬಸಿದುಹೋದ ಹಾಗೆ ದಣಿವು. ಎರಡು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಅದರ ಬಗ್ಗೆ ಕಹಿಯಾಗುವುದು. ಮೂರು, ನನ್ನ ಕೈಯಲ್ಲಿ ಏನೂ ಸರಿಯಾಗಿ ಆಗುತ್ತಿಲ್ಲ ಅನ್ನಿಸುವುದು. ಅದನ್ನು ಓದುವಾಗ ನನಗೆ ಒಂದು ಗಂಟು ಬಿಚ್ಚಿತು. ನನ್ನಲ್ಲಿ ಮೊದಲನೆಯದು ಅಷ್ಟಾಗಿ ಇರಲೇ ಇಲ್ಲ. ಇದ್ದದ್ದು ಎರಡನೆಯದು. ದಣಿವಿಗೆ ರಜೆ ಮದ್ದಾಗಬಹುದು. ದೂರ ಸರಿದ ಮನಸ್ಸಿಗೆ ರಜೆ ಕೊಟ್ಟರೆ ಅದು ಇನ್ನಷ್ಟು ದೂರ ಸರಿಯುತ್ತದೆ, ಅಲ್ವಾ?

ಈ ನಡುವೆ ನಾನು ಮಾಡಿದ ಪ್ರಯತ್ನಗಳು ಬೇಕಾದಷ್ಟು. ಬೆಳಿಗ್ಗೆ ಬೇಗ ಎದ್ದೆ. ಹೊಸ ಡೈರಿ ತಂದೆ. ಮೇಜು ಕಿಟಕಿಯ ಕಡೆಗೆ ತಿರುಗಿಸಿದೆ. ಸ್ಫೂರ್ತಿಯ ಭಾಷಣಗಳನ್ನು ಕೇಳುತ್ತಾ ಆಫೀಸಿಗೆ ಹೋದೆ. ಭಾಷಣ ಕೇಳುವಾಗ ಎದೆ ಉಬ್ಬುತ್ತಿತ್ತು. ಫೈಲ್ ತೆರೆದ ಐದು ನಿಮಿಷಕ್ಕೆ ಇಳಿಯುತ್ತಿತ್ತು. ಆಮೇಲೆ ಇನ್ನೂ ಕೆಟ್ಟದಾಗುತ್ತಿತ್ತು. ಇಷ್ಟೆಲ್ಲ ಕೇಳಿಯೂ ನನಗೆ ಹುರುಪು ಬರುತ್ತಿಲ್ಲ ಅಂದರೆ ನನ್ನಲ್ಲೇ ಏನೋ ಕೊರತೆ ಅಂತ ಅನ್ನಿಸುತ್ತಿತ್ತು. ಕೆಲಸದಲ್ಲಿ ಮನಸ್ಸು ಕಳೆದುಕೊಂಡವರಿಗೆ ‘ಧನಾತ್ಮಕವಾಗಿ ಯೋಚಿಸು’ ಅನ್ನುವುದು ಸಹಾಯವಲ್ಲ. ಬೀಳುತ್ತಿರುವವರ ತಲೆಯ ಮೇಲೆ ಇನ್ನೊಂದು ಮೂಟೆ ಇಟ್ಟ ಹಾಗೆ.

ಒಂದು ರಾತ್ರಿ ಹಳೆಯ ಒಂದು ಪ್ರಯೋಗದ ಬಗ್ಗೆ ಓದಿದೆ. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಅನ್ನುವ ಮನಃಶಾಸ್ತ್ರಜ್ಞರು ನಾಯಿಗಳ ಮೇಲೆ ಮಾಡಿದ್ದು. ಓದುವಾಗ ಹೊಟ್ಟೆ ತೊಳೆಸಿದ ಹಾಗಾಯಿತು. ಇವತ್ತು ಅಂಥದ್ದನ್ನು ಮಾಡಲು ಬಿಡಲೂಬಾರದು. ಒಂದು ಗುಂಪಿನ ನಾಯಿಗಳು ತಲೆಯಿಂದ ಒಂದು ಹಲಗೆ ಒತ್ತಿದರೆ ವಿದ್ಯುತ್ ಆಘಾತ ನಿಲ್ಲುತ್ತಿತ್ತು. ಇನ್ನೊಂದು ಗುಂಪಿಗೂ ಅಷ್ಟೇ ಆಘಾತ, ಆದರೆ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಆಮೇಲೆ ಎರಡೂ ಗುಂಪನ್ನು ಬೇರೊಂದು ಪೆಟ್ಟಿಗೆಯಲ್ಲಿ ಬಿಟ್ಟರು. ಅಲ್ಲಿ ಒಂದು ಗಿಡ್ಡ ಅಡ್ಡಗೋಡೆ ಹಾರಿದರೆ ತಪ್ಪಿಸಿಕೊಳ್ಳಬಹುದಿತ್ತು. ಮೊದಲ ಗುಂಪು ಹಾರಿತು. ಎರಡನೆಯ ಗುಂಪಿನಲ್ಲಿ ಬಹಳಷ್ಟು ನಾಯಿಗಳು ಹಾರಲೇ ಇಲ್ಲ. ಹಾಗೇ ಮಲಗಿ ಸಹಿಸಿಕೊಂಡವು.

ಇದು ಹಲವರಿಗೆ ಗೊತ್ತಿರುವ ಕತೆ. ನನಗೆ ಬೇಕಾದದ್ದು ಅದರ ಮುಂದಿನ ಭಾಗದಲ್ಲಿತ್ತು. ಸುಮಾರು ಐವತ್ತು ವರ್ಷದ ಮೇಲೆ, 2016ರಲ್ಲಿ, ಅದೇ ಇಬ್ಬರು ತಮ್ಮ ಮಾತನ್ನು ತಿದ್ದಿಕೊಂಡರು. ಅಸಹಾಯಕತೆಯನ್ನು ಯಾರೂ ಕಲಿಯುವುದಿಲ್ಲ, ನಾವು ಅದನ್ನು ತಿರುಗುಮುರುಗು ಹೇಳಿದ್ದೆವು ಅಂತ ಬರೆದರು. ಕೆಟ್ಟದ್ದು ತುಂಬಾ ಹೊತ್ತು ನಡೆದರೆ ಸುಮ್ಮನಾಗಿಬಿಡುವುದು ಮೆದುಳಿನ ಸಹಜ ಪ್ರತಿಕ್ರಿಯೆ. ಅದನ್ನು ಕಲಿಸಬೇಕಾಗಿಲ್ಲ. ಕಲಿಯಬೇಕಾದದ್ದು ಇನ್ನೊಂದು: ನಾನು ಮಾಡಿದ್ದರಿಂದ ಏನೋ ಬದಲಾಗುತ್ತದೆ ಅನ್ನುವುದು.

ಆ ರಾತ್ರಿ ನಾನು ಬಹಳ ಹೊತ್ತು ಎದ್ದೇ ಇದ್ದೆ. ಅಲ್ಲಿಯವರೆಗೆ ನನ್ನ ಪ್ರಶ್ನೆ ‘ನನಗೆ ಮತ್ತೆ ಉಮೇದು ಬರುವುದು ಹೇಗೆ’ ಅಂತ ಇತ್ತು. ಅದು ತಪ್ಪು ಪ್ರಶ್ನೆ. ‘ನಾನು ಮಾಡಿದ್ದು ಎಲ್ಲಿಗೆ ಹೋಗುತ್ತದೆ, ಅದರಿಂದ ಏನಾಗುತ್ತದೆ’ ಅಂತ ನನಗೆ ಕಾಣುವುದೇ ನಿಂತಿತ್ತು. ಹನ್ನೊಂದು ವರ್ಷದಲ್ಲಿ ನನ್ನ ಕೈಪಿಡಿಯನ್ನು ಒಬ್ಬರಾದರೂ ಓದುವುದನ್ನು ನಾನು ಕಣ್ಣಾರೆ ಕಂಡಿರಲಿಲ್ಲ.

ಆದರೂ ಮೊದಲು ಹಿಡಿದದ್ದು ಇನ್ನೊಂದು ದಾರಿ. ಖಿನ್ನತೆಗೆ ಕೊಡುವ ಒಂದು ಚಿಕಿತ್ಸೆಯಿದೆ. 1970ರ ದಶಕದಲ್ಲಿ ಪೀಟರ್ ಲ್ಯೂಯಿನ್‌ಸನ್ ಮತ್ತು ಇತರರು ರೂಪಿಸಿದ್ದು. ಮನಸ್ಸು ಬರಲಿ ಅಂತ ಕಾಯಬೇಡಿ, ಮೊದಲು ಸಣ್ಣದೊಂದು ಕೆಲಸ ಮಾಡಿ, ಮನಸ್ಸು ಆಮೇಲೆ ಬರುತ್ತದೆ ಅನ್ನುವುದು ಅದರ ತಿರುಳು. ನನ್ನದು ಖಿನ್ನತೆಯಲ್ಲದಿದ್ದರೂ ಅದನ್ನು ಬಳಸಿ ನೋಡೋಣ ಅನ್ನಿಸಿತು. ಬೆಳಿಗ್ಗೆ ಕೂತ ತಕ್ಷಣ ಮೇಲ್ ತೆರೆಯದೆ ಇಪ್ಪತ್ತು ನಿಮಿಷ ಒಂದೇ ಪುಟ. ಚೆನ್ನಾಗಿ ಬರಲಿ ಅಂತಲ್ಲ, ಮುಂದೆ ಸಾಗಲಿ ಅಂತ. ಮೂರು ವಾರ ಬಿಡದೆ ಮಾಡಿದೆ. ಕೈ ಓಡಲು ಶುರುವಾಯಿತು, ಅದು ನಿಜ. ಬೆಳಗಿನ ಆ ಭಾರ ಕಡಿಮೆಯಾಯಿತು. ಆದರೆ ಮನಸ್ಸು ಮಾತ್ರ ಇನ್ನೂ ಹೊರಗೇ ನಿಂತಿತ್ತು. ಬರೆದ ಪುಟ ಮತ್ತೆ ಅದೇ ಕತ್ತಲೆಯೊಳಗೆ ಹೋಗುತ್ತಿತ್ತಲ್ಲ.

ಕೊನೆಗೆ ಒಂದು ದಿನ ನಮ್ಮ ಹೆಲ್ಪ್‌ಲೈನ್ ನೋಡಿಕೊಳ್ಳುವವರ ಹತ್ತಿರ ಹೋದೆ. ಮೆಷಿನ್ ಕೊಂಡವರು ಅರ್ಥವಾಗದಿದ್ದರೆ ಫೋನ್ ಮಾಡುವ ವಿಭಾಗ ಅದು. ಒಂದೇ ಕಟ್ಟಡ, ಎರಡು ಮಹಡಿ ಕೆಳಗೆ. ಹನ್ನೊಂದು ವರ್ಷದಲ್ಲಿ ನಾನು ಒಂದು ಸಲವೂ ಅಲ್ಲಿಗೆ ಹೋಗಿರಲಿಲ್ಲ. “ಕೈಪಿಡಿಯ ಬಗ್ಗೆ ಬಂದ ಕರೆಗಳನ್ನು ಕೇಳಬಹುದಾ?” ಅಂದೆ. ತರಬೇತಿಗೆ ಅಂತ ತೆಗೆದಿಟ್ಟ ರೆಕಾರ್ಡಿಂಗ್‌ಗಳಿದ್ದವು. ಹೆಸರು, ನಂಬರು ಅಳಿಸಿದಂಥವು. ಅನುಮತಿ ತೆಗೆದುಕೊಂಡು, ಹೆಡ್‌ಫೋನ್ ಹಾಕಿಕೊಂಡು ಒಂದು ಮೂಲೆಯಲ್ಲಿ ಕೂತೆ. “ಯಾವ ಪುಟದ್ದು ಕೇಳ್ತೀರಾ ಮೇಡಂ? 14ನೇ ಪುಟದ್ದೇ ಜಾಸ್ತಿ ಇದೆ” ಅಂದಳು ಅಲ್ಲಿದ್ದ ಹುಡುಗಿ.

ಮೂರನೆಯ ಕರೆ. ವಯಸ್ಸಾದ ಗಂಡಸಿನ ದನಿ. ಹೆಂಡತಿಗೆ ಬಿ.ಪಿ. ನೋಡಬೇಕು, ಮೆಷಿನ್ ಹೊಸದು, ಪಟ್ಟಿ ಸುತ್ತುವುದು ಗೊತ್ತಾಗುತ್ತಿಲ್ಲ. ಅವರು ಪುಸ್ತಕ ಹಿಡಿದು ನಿಧಾನವಾಗಿ, ಬಿಡಿಸಿ ಬಿಡಿಸಿ ಓದಿದರು.

“ಪಟ್ಟಿಯ ಮೇಲಿನ ಸೂಚಕವು... ಅಪಧಮನಿಯ ಮೇಲ್ಭಾಗದಲ್ಲಿ ಬರುವಂತೆ... ಹೃದಯದ ಮಟ್ಟಕ್ಕೆ ಸಮನಾಗಿ ಇರಿಸಿ. ಚಿತ್ರ 6 ನೋಡಿ.”

ನನ್ನ ವಾಕ್ಯ.

“ಅಪಧಮನಿ ಅಂದ್ರೆ ಎಲ್ಲಿರುತ್ತಮ್ಮ?”

“ಚಿತ್ರದಲ್ಲಿ ತೋರಿಸಿದೆ ನೋಡಿ ಸರ್.”

ಪುಟ ತಿರುವುವ ಸದ್ದು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.

“ಚಿತ್ರದಲ್ಲಿ ಕೈಯೇ ಇಲ್ಲವಲ್ಲಮ್ಮ.”

ಚಿತ್ರ 6 ಮೆಷಿನ್‌ಗೆ ಪೈಪು ಸಿಕ್ಕಿಸುವ ಚಿತ್ರ. ಅದರಲ್ಲಿ ಕೈ ಹೇಗಿರುತ್ತದೆ? ಹಿಂದಿನಿಂದ ಅವರ ಹೆಂಡತಿಯ ದನಿ ಕೇಳಿತು. “ನಿಮಗೆ ಗೊತ್ತಾಗಲ್ಲ, ಬಿಡಿ. ನಾಳೆ ಯಾರಾದರೂ ಬಂದಾಗ ನೋಡೋಣ.” ಅವರು ಅದಕ್ಕೆ ಏನೂ ಹೇಳಲಿಲ್ಲ. ಫೋನಿನಲ್ಲಿ ಹುಡುಗಿಗೆ ಹೇಳಿದರು: “ತಪ್ಪು ತಿಳ್ಕೋಬೇಡಮ್ಮ. ವಯಸ್ಸಾಯ್ತಲ್ಲ, ನನಗೇ ಅರ್ಥ ಆಗ್ತಿಲ್ಲವೇನೋ.”

ಅಲ್ಲಿ ರೆಕಾರ್ಡಿಂಗ್ ನಿಲ್ಲಿಸಿದೆ. ಕಿವಿ ಬಿಸಿಯಾಗಿತ್ತು. ಆ ಮನುಷ್ಯನಿಗೆ ಓದಲು ಬರುತ್ತಿತ್ತು. ಕಣ್ಣು ಕಾಣುತ್ತಿತ್ತು. ಬೇಸರಪಡದೆ ಕೂತು ಓದುವ ತಾಳ್ಮೆಯಿತ್ತು. ನಾನು ಗೊತ್ತಿದ್ದೂ ಬಿಟ್ಟ ತಪ್ಪನ್ನು ಅವರು ತಮ್ಮ ವಯಸ್ಸಿನ ಮೇಲೆ ಹಾಕಿಕೊಂಡರು, ಅದೂ ಹೆಂಡತಿಯ ಎದುರಿಗೆ.

ಇಂಥ ಹೊತ್ತಿನಲ್ಲಿ ‘ಉತ್ಸಾಹ ಮರಳಿತು’ ಅಂತ ಬರೆಯಲು ಮನಸ್ಸು ಒಪ್ಪುವುದಿಲ್ಲ. ಬಂದದ್ದು ಉತ್ಸಾಹವಲ್ಲ, ಸಂಕಟ. ಆದರೆ ಎಷ್ಟೋ ತಿಂಗಳ ಮೇಲೆ ಆಫೀಸಿನ ಒಂದು ವಿಷಯಕ್ಕೆ ನನಗೆ ಸಂಕಟವಾಗಿತ್ತು. ಮೇಲೆ ಹೋಗಿ ತಿದ್ದುಪಡಿಯ ಫಾರಂ ತುಂಬಿದೆ. ಅರ್ಧ ಗಂಟೆಯ ಕೆಲಸ ಅಂದಿದ್ದೆನಲ್ಲ, ನಿಜಕ್ಕೂ ಹಿಡಿದದ್ದು ಇಪ್ಪತ್ತೆರಡು ನಿಮಿಷ.

ಅಂಕಿ ತಿದ್ದಿದ ಮೇಲೆ ವಾಕ್ಯದ ಮುಂದೆ ಕೂತೆ. ‘ಅಪಧಮನಿ’ ಅಂತ ಯಾರು ಹೇಳುತ್ತಾರೆ? ನಾನು ನನ್ನ ಮನೆಯಲ್ಲಿ ಯಾವತ್ತಾದರೂ ಆ ಪದ ಆಡಿದ್ದೇನಾ? ‘ಹೃದಯದ ಮಟ್ಟಕ್ಕೆ ಸಮನಾಗಿ’ ಅಂದರೆ ಕೂತವರಿಗೆ ಏನು ತಿಳಿಯಬೇಕು? ಇದು ಸುಮ್ನೆ ಭಾಷೆಯ ಚೆಂದದ ಮಾತಲ್ಲ. ಕೈ ಎದೆಗಿಂತ ಕೆಳಗೆ ಜೋತುಬಿದ್ದಿದ್ದರೆ ಬಿ.ಪಿ. ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಒಂದು ಅರ್ಥವಾಗದ ಸಾಲಿನಿಂದ ಒಂದು ಮನೆಯವರು ರಾತ್ರಿಯೆಲ್ಲ ಗಾಬರಿಯಲ್ಲಿ ಕೂರಬಹುದು. ಇದೆಲ್ಲ ನನಗೆ ಗೊತ್ತಿತ್ತು. ಇದನ್ನು ತಿಳಿದುಕೊಂಡಿರುವುದೇ ನನ್ನ ಕೆಲಸ.

ಅವತ್ತು ಬರೆದದ್ದು ಹೀಗಿತ್ತು: ‘ಮೊಣಕೈ ಮಡಚುವ ಜಾಗದ ಒಳಬದಿಯಲ್ಲಿ ಎರಡು ಬೆರಳಿಟ್ಟು ನೋಡಿ. ನಾಡಿ ಬಡಿಯುವುದು ತಿಳಿಯುತ್ತದೆ. ಪಟ್ಟಿಯ ಮೇಲಿನ ಬಾಣದ ಗುರುತು ಆ ಜಾಗದ ನೇರಕ್ಕೆ ಬರಲಿ. ಈಗ ಕೈಯನ್ನು ಮೇಜಿನ ಮೇಲಿಡಿ. ಪಟ್ಟಿ ಎದೆಯ ಎತ್ತರಕ್ಕೆ ಬರಬೇಕು. ಬರದಿದ್ದರೆ ಕೈ ಕೆಳಗೆ ಒಂದು ದಿಂಬು ಇಡಿ.’

ಮಾರನೆಯ ದಿನ ಅದನ್ನು ಪ್ರಿಂಟ್ ತೆಗೆದು, ಒಂದು ಮೆಷಿನ್ ಜೊತೆ ನಮ್ಮ ಲೆಕ್ಕಪತ್ರ ವಿಭಾಗಕ್ಕೆ ಹೋದೆ. “ಬರೀ ಇದನ್ನು ಓದಿ ಸುತ್ತಿಕೊಳ್ಳಿ ಸರ್, ನಾನು ಬಾಯಿ ಬಿಡುವುದಿಲ್ಲ” ಅಂದೆ. ಅವರು ಪಟ್ಟಿಯನ್ನು ಅಂಗಿಯ ದಪ್ಪ ತೋಳಿನ ಮೇಲೇ ಸುತ್ತಿಕೊಂಡರು. ಬರಿ ಕೈಗೆ ಸುತ್ತಬೇಕು ಅಂತ ನಾನು ಬರೆದೇ ಇರಲಿಲ್ಲ. ಇನ್ನೊಬ್ಬರು, ಬಾಗಿಲಲ್ಲಿ ಕೂರುವ ಸೆಕ್ಯುರಿಟಿಯವರು, ಎಷ್ಟು ಬಿಗಿ ಮಾಡಬೇಕು ಅಂತ ಕೇಳಿದರು. ಪಟ್ಟಿಯ ಕೆಳಗೆ ಬೆರಳು ತೂರುವಷ್ಟು ಸಡಿಲ ಇರಬೇಕು ಅನ್ನುವ ಸಾಲು ಬಂದದ್ದು ಅವರಿಂದ. ಸಂಜೆಯೊಳಗೆ ಆ ಪುಟವನ್ನು ಐದು ಸಲ ತಿದ್ದಿದ್ದೆ. ಗಡಿಯಾರ ನೋಡಿದ್ದು ಒಂದೇ ಸಲ, ಅದೂ ಬೇರೆಯವರೆಲ್ಲ ಎದ್ದು ಹೊರಟಾಗ.

ಆಮೇಲೆ ಒಂದು ಅಧ್ಯಯನದ ಬಗ್ಗೆ ಓದಿದೆ. ಆಡಮ್ ಗ್ರಾಂಟ್ ಮತ್ತು ಅವರ ಜೊತೆಗಾರರು 2007ರಲ್ಲಿ ಪ್ರಕಟಿಸಿದ್ದು. ಒಂದು ವಿಶ್ವವಿದ್ಯಾಲಯಕ್ಕಾಗಿ ಜನರಿಗೆ ಫೋನ್ ಮಾಡಿ ದೇಣಿಗೆ ಕೇಳುವ ಕೆಲಸದವರ ಮೇಲೆ ನಡೆದದ್ದು. ಆ ಹಣದಿಂದ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಅವರಲ್ಲಿ ಕೆಲವರಿಗೆ ಐದು ನಿಮಿಷ ಭೇಟಿ ಮಾಡಿಸಿದರು, ಅಷ್ಟೆ. ಒಂದು ತಿಂಗಳ ಮೇಲೆ ನೋಡಿದರೆ ಅವರು ಫೋನಿನಲ್ಲಿ ಕಳೆಯುವ ಹೊತ್ತು ದುಪ್ಪಟ್ಟಿಗಿಂತ ಜಾಸ್ತಿಯಾಗಿತ್ತು. ತಂದ ದೇಣಿಗೆಯೂ ಹಾಗೇ ಏರಿತ್ತು. ಭೇಟಿ ಮಾಡದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಭೇಟಿ ಮಾಡಿದವರಿಗೆ ಸಿಕ್ಕಿದ್ದು ಕೃತಜ್ಞತೆ. ನನಗೆ ಸಿಕ್ಕಿದ್ದು ನನ್ನಿಂದ ತೊಂದರೆಗೊಳಗಾದ ಒಬ್ಬರ ದನಿ. ಎರಡೂ ಒಂದೇ ಜಾಗಕ್ಕೆ ತಾಗುತ್ತವೆ ಅಂತ ನನ್ನ ನಂಬಿಕೆ. ಕೆಲಸದ ಆಚೆ ತುದಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ ಅಂತ ತಿಳಿಯುವ ಜಾಗ ಅದು.

ಇಷ್ಟಾದ ಮೇಲೆ ಮ್ಯಾನೇಜರ್ ಹತ್ತಿರ ಮಾತಾಡಲು ಧೈರ್ಯ ಬಂತು. ‘ನನಗೆ ಬೇಜಾರಾಗಿದೆ’ ಅಂತ ಹೇಳಲಿಲ್ಲ. ಹಾಗೆ ಹೇಳಿದರೆ ಕೇಳುವವರಿಗೂ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಮೂರು ವಿಷಯ ಬರೆದುಕೊಂಡು ಹೋದೆ. ತಿಂಗಳಿಗೆ ಒಂದು ಸಲ ಅರ್ಧ ದಿನ ಕರೆಗಳನ್ನು ಕೇಳಲು ಬಿಡಬೇಕು. ನನ್ನ ಕೈಪಿಡಿಯನ್ನು ಕೈಬಿಟ್ಟರೆ ಅದೇ ವಾರ ನನಗೆ ತಿಳಿಸಬೇಕು. ವಯಸ್ಸಾದವರಿಗಾಗಿ ಬರೆದ ಆ ಹಳೆಯ ಫೈಲನ್ನು ಇನ್ನೊಂದು ಸಲ ನೋಡಬೇಕು. ಮೊದಲ ಎರಡಕ್ಕೆ ಒಪ್ಪಿದರು. ಎರಡನೆಯದನ್ನು ಕೇಳಿ ಅವರ ಮುಖ ಸಣ್ಣದಾಯಿತು. “ಅದು ನಿಮಗೆ ಗೊತ್ತಿರಲಿಲ್ಲ ಅನ್ನೋದೇ ನನಗೆ ಗೊತ್ತಿರಲಿಲ್ಲ” ಅಂದರು. ಮೂರನೆಯದು ಆಗಲಿಲ್ಲ. ಖರ್ಚು. ಆ ಫೈಲ್ ಇನ್ನೂ ‘ಹಳೆಯವು’ ಫೋಲ್ಡರ್‌ನಲ್ಲೇ ಇದೆ. ಅದರ ಬಗ್ಗೆ ನನಗೆ ಇನ್ನೂ ನೋವಿದೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ಮೋಸವಾಗುತ್ತದೆ. ನಾನು ಕೇಳಿದಾಗ ಕೊಡುವವರು ಒಬ್ಬರಿದ್ದರು. ಎಲ್ಲ ಕಡೆ ಹಾಗಿರುವುದಿಲ್ಲ. ದಿನವೂ ಅವಮಾನ ಮಾಡುವ, ಮಾಡಿದ ಕೆಲಸವನ್ನು ಬೇರೆಯವರ ಹೆಸರಿಗೆ ಬರೆದುಕೊಳ್ಳುವ, ಮನುಷ್ಯರಿಂದ ಆಗದಷ್ಟು ಕೆಲಸ ಹೇರುವ ಜಾಗಗಳಿವೆ. ಅಲ್ಲಿ ಮನಸ್ಸು ಹಿಂದೆ ಸರಿಯುವುದು ಕಾಯಿಲೆಯಲ್ಲ, ತನ್ನನ್ನು ಉಳಿಸಿಕೊಳ್ಳುವ ಬಗೆ. ಅಂಥವರಿಗೆ ಇಪ್ಪತ್ತು ನಿಮಿಷದ ಉಪಾಯ ಹೇಳಲು ನನಗೆ ನಾಚಿಕೆಯಾಗುತ್ತದೆ. ಅವರಿಗೆ ಬೇಕಾದದ್ದು ಬೇರೆ ಕೆಲಸ, ಅಥವಾ ಜೊತೆಗೆ ನಿಲ್ಲುವ ನಾಲ್ಕು ಜನ.

ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಆಫೀಸಿನಿಂದ ಎದ್ದು ಬರುವ ಮೊದಲು ಒಂದು ಸಾಲು, ಇವತ್ತು ಯಾವುದು ಮುಂದೆ ಸಾಗಿತು ಅಂತ. ಇದಕ್ಕೂ ಒಂದು ಹಿನ್ನೆಲೆಯಿದೆ. ತೆರೇಸಾ ಅಮಬಿಲೆ ಮತ್ತು ಸ್ಟೀವನ್ ಕ್ರೇಮರ್ ಅನ್ನುವವರು 238 ಜನ ಉದ್ಯೋಗಿಗಳಿಂದ ದಿನಚರಿ ಬರೆಸಿದ್ದರು, ಹೆಚ್ಚುಕಡಿಮೆ 12,000 ದಿನಗಳ ಬರಹ. ಜನ ಕೆಲಸದಲ್ಲಿ ಖುಷಿಯಾಗಿದ್ದ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಹೊಗಳಿಕೆಯಲ್ಲ, ಬೋನಸ್ ಅಲ್ಲ. ತಮಗೆ ಅರ್ಥವಿದೆ ಅನ್ನಿಸಿದ ಕೆಲಸ ಒಂದಿಷ್ಟು ಮುಂದೆ ಹೋಗಿದ್ದು. ನನ್ನ ಸಾಲುಗಳೂ ಅಂಥ ದೊಡ್ಡವಲ್ಲ. ‘ಬ್ಯಾಟರಿಯ ಪುಟದಲ್ಲಿ ಎರಡು ವಾಕ್ಯ ಒಂದಾಯಿತು.’ ‘ಇಂಜಿನಿಯರ್ ಚಿತ್ರ 9 ಬದಲಿಸಲು ಒಪ್ಪಿದರು.’ ‘ಇವತ್ತು ಏನೂ ಇಲ್ಲ.’ ಏನೂ ಇಲ್ಲದ ದಿನ ಹಾಗೇ ಬರೆಯುತ್ತೇನೆ. ಸುಳ್ಳು ಬರೆದರೆ ಮಿಕ್ಕ ಸಾಲುಗಳಿಗೂ ಬೆಲೆ ಹೋಗುತ್ತದೆ.

ನಡುವೆ ಎರಡು ವಾರ ಮತ್ತೆ ಅದೇ ಮಂಕು ಬಂದಿತ್ತು. ‘ಏನೂ ಇಲ್ಲ’ ಅನ್ನುವ ಸಾಲು ಸತತವಾಗಿ ಏಳು ದಿನ. ಮೊದಲಾಗಿದ್ದರೆ ಹೆದರುತ್ತಿದ್ದೆ. ಈ ಸಲ ನೋಟ್‌ಬುಕ್ ಹಿಂದಕ್ಕೆ ತಿರುವಿ ನೋಡಿದೆ. ಆ ತಿಂಗಳು ಕೆಲಸ ಜಾಸ್ತಿ ಅಂತ ಕರೆ ಕೇಳಲು ಹೋಗಿರಲಿಲ್ಲ. ಮಾರನೆಯ ದಿನ ಎರಡು ಮಹಡಿ ಇಳಿದೆ.

ಹೊಸ 14ನೇ ಪುಟ ಅಚ್ಚಾಗಿ ಡಬ್ಬಿ ಸೇರಿ ಈಗ ಕೆಲವು ತಿಂಗಳಾಗಿವೆ. ಕಳೆದ ವಾರ ಒಂದು ಕರೆ ಕೇಳಿದೆ. ಹೆಂಗಸಿನ ದನಿ, ಮನೆಯಲ್ಲಿ ಒಬ್ಬರೇ ಇದ್ದ ಹಾಗಿತ್ತು. ನಮ್ಮ ಹುಡುಗಿ “ಪಟ್ಟಿ ಸುತ್ತಿಕೊಂಡ್ರಾ?” ಅಂತ ಕೇಳಿದಳು. “ಅದಾಯ್ತಮ್ಮ, ದಿಂಬೂ ಇಟ್ಕೊಂಡಿದ್ದೀನಿ” ಅಂದರು ಅವರು, ಅದರಲ್ಲಿ ಕೇಳುವುದೇನಿದೆ ಅನ್ನುವ ಹಾಗೆ. ಗಾಳಿ ತುಂಬಿಕೊಳ್ಳುವ ಗುಂಯ್ ಸದ್ದು ಫೋನಿನಲ್ಲೇ ಕೇಳಿತು. ಆಮೇಲೆ ಅವರು ಕೇಳಿದರು: “ಈಗ ಮೂರು ಅಂಕಿ ಬಂತು. ಮೇಲಿಂದು ಯಾವುದು, ಕೆಳಗಿಂದು ಯಾವುದು? ಇದರಲ್ಲಿ ‘ಸಂಕೋಚನ’, ‘ವ್ಯಾಕೋಚನ’ ಅಂತೇನೋ ಬರೆದಿದ್ದಾರೆ.”

ಅದು 15ನೇ ಪುಟ. ಅದೂ ನಾನೇ ಬರೆದದ್ದು. ಈ ವಾರವೆಲ್ಲ ಅದರ ಮುಂದೆ ಕೂತಿದ್ದೇನೆ.